ಬೀಸುಕಲ್ಲಿನ ಮುಂದೆ ಕಲಿತ ‘ಪುಟ್’

ಬಸವನ ಬಾಗೇವಾಡಿಯಲ್ಲಿ ನಮ್ಮ ಮನೆಗೂ ಬಟ್ಟೆ ಅಂಗಡಿ ಮಲಿಕಸಾಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗಳು ರೋಷನಬಿ ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಇಂಗ್ಲಿಷಿಗೇ ಬಿದ್ದಿದ್ದಳು. ಅರವತ್ತೊಂದನೇ ಇಸವಿಯಲ್ಲಿ ಮೂರನೆಯ ಸಲ ಕೂತಳು.

‘ಇದ ಕಡೀದು. ಈ ಸಲನೂ ಬಿದ್ರ ಸಾಲಿ ಸುದ್ದಿ ಬಿಟ್ಟಬಿಡು,’ ಎಂದಿದ್ದರು ಮಲಿಕಸಾಬರು. ಅವಳಿಗೋ ವಿಜಾಪುರಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮಾಡುವ ಹಟ.

ಅವಳನ್ನು ಕಾಡಿದ್ದು ಇಂಗ್ಲಿಷಿನ ‘ಪುಟ್’ ಎಂಬ ಶಬ್ದ. ಅದರ ಬೆನ್ನಿಗೆ ಇನ್ನೊಂದು ಚಿಕ್ಕ ಶಬ್ದ ಬಂದರೆ ಅರ್ಥವೇ ಬೇರೆಯಂತೆ. ಗುರುಲಿಂಗಪ್ಪ ಮಾಸ್ತರರು ಅಂಥವನ್ನು ಹದಿನೆಂಟು ಬರೆಸಿದ್ದರು. ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಎರಡನೇ ಇಯತ್ತೆಯವರೆಗಷ್ಟೇ ಸಾಲಿ ಕಲಿತವಳು. ಆದರೆ ಬೀಸುವಾಗ ಹಾಡುವ ನೂರು ಪದ ಬಾಯಲ್ಲಿದ್ದವು.

‘ಬೀಸ್ಕೋತ ಹಾಡಿದ್ದು ಸಾಯೂತನಕ ಮರಿಯೂದಿಲ್ಲ. ಬಾ ಇಲ್ಲಿ,’ ಎಂದೆ.

ಅರ್ಥಗಳನ್ನು ಅವಳೇ ಪುಸ್ತಕ ನೋಡಿ ನನಗೆ ಹೇಳಿಕೊಟ್ಟಳು. ಕಲ್ಲಿನ ಮುಂದೆ ಎದುರುಬದುರು ಕೂತೆವು. ಬೀಸುವ ಪದದ ರೀತಿಯೇ ಹಾಗೆ, ಒಬ್ಬಳು ಎತ್ತಬೇಕು, ಇನ್ನೊಬ್ಬಳು ಹಿಡಿಯಬೇಕು. ಅವಳು ‘ಪುಟ್ ಆನ್’ ಎಂದು ಎತ್ತುವಳು, ನಾನು ‘ತೊಟ್ಕೋ ತಂಗಿ’ ಎಂದು ಹಿಡಿಯುವೆ. ‘ಪುಟ್ ಔಟ್’ ಎಂದರೆ ‘ಆರ್ಸು ತಂಗಿ’. ಹದಿನೈದು ದಿನದಲ್ಲಿ ಒಂದೂ ತಪ್ಪದಾಯಿತು.

ಪರೀಕ್ಷೆಗೆ ಐದು ದಿನವಿರುವಾಗ ಮಾಸ್ತರರು ಬಂದು ಕಟ್ಟೆಯ ಮೇಲೆ ಕೂತು ಕೇಳಿದರು, ‘ಪುಟ್ ಆಫ್ ಅಂದ್ರ ಏನವಾ?’

ರೋಷನಬಿ ‘ಪುಟ್ ಆಫ್’ ಎಂದು ತಾನೂ ಅಂದು ನನ್ನ ಮುಖ ನೋಡಿದಳು. ನಾನು ಜೋಳ ಹಸನು ಮಾಡುತ್ತಿದ್ದವಳು ತಡೆಯಲಾರದೆ ಅಂದೆ, ‘ಮುಂದಕ್ಕ ಹಾಕು!’

‘ಪುಟ್ ಅಪ್ ವಿತ್?’

‘ತಾಳ್ಕೋ ತಂಗಿ!’ ಅದೂ ನನ್ನ ಬಾಯಿಂದಲೇ ಬಂತು.

‘ಸಿದ್ದಲಿಂಗವ್ವಾ, ಪರೀಕ್ಷಾಕ್ಕ ನೀ ಕೂಡಾಕಿಯೋ, ಈಕಿ ಕೂಡಾಕಿಯೋ?’ ಎಂದು ಮಾಸ್ತರರು ನಕ್ಕರು.

ನಮಗೆ ನಗು ಬರಲಿಲ್ಲ. ಎತ್ತುವುದನ್ನಷ್ಟೇ ಅವಳು ಕಲಿತಿದ್ದಳು. ಅರ್ಥವೆಲ್ಲ ನನ್ನ ಬಾಯಿಗೆ ಬಂದು ಕೂತಿತ್ತು.

‘ಅಕ್ಕಾ, ಮುಗೀತು ನಂದು.’

‘ಏನ್ ಮುಗೀತು? ಏಳು, ಈ ಕಡಿ ಬಾ. ಇನ್ನ ನಾ ಎತ್ತತೇನಿ, ನೀ ಹಿಡಿ.’

ನಮ್ಮ ಜೋಳ ಎರಡೇ ದಿನಕ್ಕೆ ಹಿಟ್ಟಾಯಿತು. ಆಮೇಲೆ ಓಣಿಯವರ ಜೋಳ ಕೇಳಿ ತಂದು ಬೀಸಿಕೊಟ್ಟೆವು. ‘ದಿನಾ ಪರೀಕ್ಷಾ ಇದ್ರ ಎಷ್ಟ ಚಲೋ!’ ಎನ್ನುತ್ತ ಎದುರುಮನೆಯ ಶಂಕ್ರೆವ್ವ ಬುಟ್ಟಿ ತುಂಬಿ ಕೊಟ್ಟಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ನಾನು ಬೇಕೆಂದೇ ಹಿಂದುಮುಂದಾಗಿ ಎತ್ತಿದೆ. ಅವಳು ಹದಿನೆಂಟನ್ನೂ ಹಿಡಿದಳು.

ಇಂಗ್ಲಿಷಿನಲ್ಲಿ ನಲವತ್ತಮೂರು ಬಂತು, ಪಾಸಾದಳು. ಟ್ರೇನಿಂಗಿನ ಅರ್ಜಿಯನ್ನು ಮಲಿಕಸಾಬರೇ ತಂದರು. ರೋಷನಬಿ ಕೂತಲ್ಲೇ ತುಂಬಿ, ಕೆಳಗೆ ಇಂಗ್ಲಿಷಿನಲ್ಲಿ ಸಹಿ ಮಾಡಿದಳು.

‘ಕನ್ನಡದಾಗ ಮಾಡಿದ್ರೂ ನಡೀತಿತ್ತಲ್ಲ?’ ಎಂದರು ಅವರು.

‘ನಡೀತಿತ್ತಪ್ಪಾ. ಇದೂ ಬರ್ತೈತಿ ನನಗ.’