ತಿಕೋಟಾದ ಜಗಳಗಂಟಿಯರು

ಮೊನ್ನೆ ಅಡುಗೆಮನೆಯಿಂದ ಶುಂಠಿ ಮೆಣಸಿನ ಕಷಾಯದ ವಾಸನೆ ಬಂತು. ಕುಡಿಯಬೇಕಾದವಳು ನೆಗಡಿಯಾದ ನನ್ನ ಹೆಂಡತಿ, ಮುಖ ಹಿಂಡಿದವನು ನಾನು. ಐವತ್ತರ ದಶಕದ ಕೊನೆಗೆ ಫ್ಲೂ ಜ್ವರ ವಿಜಾಪುರಕ್ಕೆ ಬಂದಾಗ ಈ ಕಷಾಯವನ್ನು ಹಂಡೆಗಟ್ಟಲೆ ಕುದಿಸಿದವನಲ್ಲವೇ!

ಆಗ ಅಲ್ಲಿಯ ಜೋರಾಪುರ ಪೇಟೆಯಲ್ಲಿ ವ್ಯಾಪಾರಸ್ಥರು ಮುದುಕಿಯರಿಗಾಗಿ ನಡೆಸುತ್ತಿದ್ದ ಆಶ್ರಮಕ್ಕೆ ನಾನು ಮೇಲ್ವಿಚಾರಕ. ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಗಂಗವ್ವ, ನಮ್ಮ ಮನೆಗಿಂತ ಅಲ್ಲಿಯ ಹರಟೆ ರುಚಿಸಿ, ಅಲ್ಲೇ ಇದ್ದಳು. ಇಬ್ಬಿಬ್ಬರು ಒಂದೇ ಗಂಗಾಳದಲ್ಲಿ ಉಣ್ಣುವರು, ಪಡಸಾಲೆಯ ಕದ ಹಾಕಿಕೊಂಡು ಮಗ್ಗುಲಿಗೆ ಮಗ್ಗುಲು ಹಚ್ಚಿ ಮಲಗುವರು. ಬಂದವರಿಗೆಲ್ಲ ಈ ಅಕ್ಕರೆ ತೋರಿಸಿ ನಾನು ಎದೆ ಉಬ್ಬಿಸುತ್ತಿದ್ದೆ. ಹತ್ತಿರದ ಊರು ತಿಕೋಟಾದಲ್ಲೂ ಇಂಥದೇ ಒಂದು ಆಶ್ರಮ. ಅಲ್ಲಿ ಮೂರು ಹೊತ್ತೂ ಜಗಳ. ಒಬ್ಬೊಬ್ಬಳಿಗೆ ಒಂದೊಂದು ಒಲೆ, ಒಂದೊಂದು ತಂಬಿಗೆ. ಒಬ್ಬಳು ಬೇವಿನ ಬುಡದಲ್ಲಿ ಮಲಗಿದರೆ ಇನ್ನೊಬ್ಬಳು ಅಂಗಳದ ಆಚೆ ತುದಿಗೆ. ನಾವು ನಗುತ್ತಿದ್ದೆವು.

ಜ್ವರ ಬಂದಾಗ ನಗು ನಿಂತಿತು. ನಮ್ಮಲ್ಲಿ ಅದು ಹಾಸಿಗೆಯಿಂದ ಹಾಸಿಗೆಗೆ ಹಬ್ಬಿ ಕೆಲವರು ತೀರಿಕೊಂಡರು. ತಿಕೋಟಾದವರ ಗತಿ ಏನಾಯಿತೋ ಎಂದು ಬಸ್ಸು ಹತ್ತಿ ಹೋದೆ. ಅಲ್ಲಿ ಜ್ವರ ಬಂದದ್ದೇ ಒಬ್ಬಿಬ್ಬರಿಗೆ, ಸತ್ತವರು ಯಾರೂ ಇಲ್ಲ. ಕಾರಣ ಕೇಳಿದರೆ ಒಬ್ಬ ಮುದುಕಿ ಎದುರಿನವಳತ್ತ ಬೆರಳು ಮಾಡಿದಳು. "ಆಕಿ ಮಾರಿ ನೋಡಿದ್ರ ನನಗ ರೊಟ್ಟಿ ಇಳಿಯಂಗಿಲ್ರಿ. ಆಕಿ ಜ್ವರ ನನ್ನ ತನಕಾ ಹ್ಯಾಂಗ ಬರತೈತಿ?"

ಮರಳಿ ಬಂದು ನೋಡಿದರೆ ಅತ್ತೆಯ ಗೆಳತಿ ಸಕ್ರವ್ವನಿಗೆ ಮೈ ಸುಡುವ ಜ್ವರ. ಅತ್ತೆ ಅವಳ ಗಂಗಾಳಕ್ಕೇ ಕೈ ಹಾಕಲು ಕುಳಿತಿದ್ದಳು. ಅತ್ತೆ ಹೋದರೆ ನನಗೆ ಯಾರಿದ್ದಾರೆ?

"ದೂರ ಕೂಡಬೇ ಅತ್ತಿ."

"ಇಷ್ಟು ವರ್ಷ ಕೂಡಿ ಉಂಡೇವಿ. ಈಗ ಆಕಿನ್ನ ಬಿಟ್ಟು ಹ್ಯಾಂಗ ಉಣ್ಣಲೋ ಯಪ್ಪಾ?"

"ಬಿಡಬ್ಯಾಡ. ಆಕಿ ಕೂಡ ಜಗಳಾ ತಗಿ."

ಅಳುತ್ತಿದ್ದ ಅತ್ತೆ ಫಕ್ಕನೆ ನಕ್ಕಳು. ಅಂದೇ ಕದಗಳನ್ನೆಲ್ಲ ತೆರೆದು, ಹಾಸಿಗೆಗಳನ್ನು ಅಂಗಳಕ್ಕೆ ತಂದು ದೂರ ದೂರ ಹಾಸಿದೆವು. ಗಂಗಾಳ, ತಂಬಿಗೆ ಬೇರೆ ಬೇರೆಯಾದವು. ಊಟದ ಹೊತ್ತಿಗೆ ಈ ತುದಿಯಿಂದ ಅತ್ತೆ ಕೂಗುವಳು: "ಲೇ ಸಕ್ರಿ, ಗಂಜಿ ಬಿಟ್ಟಿ ಅಂದ್ರ ನೋಡ್ಕೋ." ಮೊದಲ ದಿನ ಆ ತುದಿಯಿಂದ ಬರೀ ಕೆಮ್ಮು ಬಂತು. ಆಮೇಲೆ ಸಣ್ಣ ದನಿ. ಒಂದು ದಿನ ಓಣಿಗೆಲ್ಲ ಕೇಳುವಂತೆ ಬಂತು: "ಮೊದಲ ನಿನ್ನ ಗಂಗಾಳ ನೋಡ್ಕೋಬೇ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಜ್ವರ ತಗುಲಲೇ ಇಲ್ಲ.

ಮೊನ್ನೆ ಕಷಾಯದ ಲೋಟ ಹಿಡಿದು ಹೊರಗಿನ ಕಟ್ಟೆಗೆ ಕೂತ ನನ್ನ ಹೆಂಡತಿ ಗದರಿದಳು: "ಹತ್ರ ಬರಬ್ಯಾಡ್ರಿ, ಅಲ್ಲೇ ಕೂಡ್ರಿ." ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವಳ ಗದರಿಕೆ ಹಿತವಾಗಿ ಕೇಳಿತು. ನಾನೂ ಕೂತಲ್ಲಿಂದಲೇ ನಾಲ್ಕು ಮಾತು ಬೈದೆ.