ಮೊದಲ ರೊಟ್ಟಿ ತಿಂದ ಆಕಳು

ಹಂಚಿನಿಂದ ಇಳಿದ ಮೊದಲ ರೊಟ್ಟಿ ಆಕಳಿಗೆ. ನಮ್ಮ ತವರಿನಲ್ಲಿ ಹಾಗೇ ನಡೆದು ಬಂದದ್ದು. ಈ ದೇಶಕ್ಕೆ ಬಂದು ಓವರ್‌ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಆ ರೊಟ್ಟಿಯನ್ನು ಸುಮ್ಮನೆ ಪಕ್ಕಕ್ಕಿಡುತ್ತಿದ್ದೆ. ನಾನೂ ಗಂಡನೂ ಸ್ನೊಕ್ವಾಲ್ಮಿ ಕಣಿವೆಯಲ್ಲಿ ಮಾಂಸಕ್ಕಾಗಿ ದನ ಸಾಕುವ ಈ ಸಣ್ಣ ಫಾರ್ಮ್ ಕೊಂಡ ಮೇಲೆ ಅದಕ್ಕೊಂದು ಬಾಯಿ ಸಿಕ್ಕಿತು. ಕೆಂಪು ಆಕಳೊಂದು ದಿನಾ ಗೇಟಿನ ಬಳಿ ಬಂದು ನಿಲ್ಲತೊಡಗಿತು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಮೇಯ್ದ ಹುಲ್ಲು ಮತ್ತೆ ಚಿಗುರಲೆಂದು ಬಯಲನ್ನು ಕರೆಂಟ್ ತಂತಿಯಿಂದ ಭಾಗ ಮಾಡಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತಿದ್ದೆವು. ಕೆಂಪು ಆಕಳು ಗೇಟು ಬಿಟ್ಟು ಕದಲುತ್ತಿರಲಿಲ್ಲ. ಅದು ಹೋಗದಿದ್ದರೆ ಉಳಿದವೂ ಹೋಗುತ್ತಿರಲಿಲ್ಲ. ಗೇಟಿನ ಸುತ್ತ ನೆಲ ಕೆಸರಾಯಿತು. ಆಚೆ ತುದಿಯ ಹುಲ್ಲು ಬಲಿತು ಒರಟಾಯಿತು.

ಎಲೆ ಉದುರುವ ಕಾಲಕ್ಕೆ ದನದ ಡಾಕ್ಟರು ಬಂದು ಪರೀಕ್ಷೆ ಮಾಡಿದರು. ಕೆಂಪು ಆಕಳಿಗೆ ಈ ಸಲವೂ ಗಬ್ಬ ನಿಂತಿರಲಿಲ್ಲ. ಅದು ಚಳಿಗಾಲವಿಡೀ ತಿನ್ನುವ ಒಣಹುಲ್ಲು ಗಬ್ಬದ ಆಕಳುಗಳ ಪಾಲಿನದು. ಇಂಥವನ್ನು ಇಟ್ಟುಕೊಂಡರೆ ಫಾರ್ಮ್ ಉಳಿಯುವುದಿಲ್ಲ ಎಂದು ಗಂಡ ಹೇಳಿದ. ಹೇಳಿ, ತನ್ನ ಬೂಟು ನೋಡುತ್ತ ನಿಂತ. ಕಡಿಯುವವನು ಬರುವ ದಿನವನ್ನು ನಾನೇ ಗೊತ್ತುಮಾಡಿದೆ.

ಆ ವಾರ ಬೆಲ್ವ್ಯೂ ನಗರದಿಂದ ನನ್ನ ವೈನಿ, ಅಣ್ಣನ ಹೆಂಡತಿ, ಬಂದಿದ್ದರು.

"ಕೈಯಾರೆ ರೊಟ್ಟಿ ತಿನ್ನಿಸಿ ಕಟುಕರಿಗೆ ಕೊಡ್ತೀಯಲ್ಲ, ಮನಸ್ಸರೆ ಹೆಂಗ ಬರ್ತದ ನಿನಗ?"

"ನಿಮ್ಮ ಮಗ ತಿನ್ನೋ ಬರ್ಗರ್ ಏನು ಗಿಡದಾಗ ಬೆಳೀತದೇನ್ರಿ, ವೈನಿ?"

"ಅವ ಇಲ್ಲೆ ಹುಟ್ಟಿದಾವ. ನೀ ಅಲ್ಲೆ ಹುಟ್ಟಿದಾಕಿ."

ಆದರೂ ದಿನವನ್ನು ನಾನು ಬದಲಾಯಿಸಲಿಲ್ಲ.

ಫಾರ್ಮಿಗೇ ಬಂದು ಕಡಿದುಕೊಡುವವನ ಟ್ರಕ್ ಬೆಳಿಗ್ಗೆ ಬಂತು. ಹೊಸಬನನ್ನು ಕಂಡು ಆಕಳು ಗೇಟು ಬಿಟ್ಟು ದೂರ ಸರಿಯಿತು. ಅಟ್ಟಬೇಡಿ, ಬೆದರಿದರೆ ಗುಂಡಿನ ಗುರಿ ತಪ್ಪುತ್ತದೆ, ಅದು ನರಳುತ್ತದೆ ಎಂದ ಅವನು. ನಾನು ಒಳಗೆ ಹೋಗಿ ಹಿಟ್ಟು ಕಲಸಿದೆ. ವೈನಿ ಒಲೆಯ ಪಕ್ಕ ನಿಂತಿದ್ದರು. ಮೊದಲ ರೊಟ್ಟಿ ಹಿಡಿದು ಹೊರಗೆ ಬಂದೆ.

ಆಕಳು ನಡೆದು ಬಂತು. ತಿಂದಿತು. ನನ್ನ ಅಂಗೈ ನೆಕ್ಕಿತು. ನಾನು ಪಕ್ಕಕ್ಕೆ ಸರಿದೆ. ಗುಂಡಿನ ಸದ್ದಿಗಿಂತ ಮೊದಲೇ ಮುಂಗಾಲು ಮಡಿಚಿದಂತೆ ಕಂಡಿತು. ಹಾಗಿರಲಾರದು, ಆದರೆ ನಾನು ಕಂಡದ್ದು ಹಾಗೆ. ಗಂಡ ಕೊಟ್ಟಿಗೆಯ ಹಿಂದೆ ಹೋಗಿದ್ದ. ಸಾಕಿದವರು ನಾವು, ಕಳಿಸಿದವರೂ ನಾವೇ. ಯಾರಾದರೂ ಒಬ್ಬರು ನೋಡಬೇಕಿತ್ತು. ನಾನು ಕಣ್ಣು ಮುಚ್ಚಲಿಲ್ಲ.

ಮರುದಿನ ತಂತಿ ತೆಗೆದ ಕೂಡಲೇ ದನಗಳು ಹೊಸ ಹುಲ್ಲಿಗೆ ಹೋದವು. ಗೇಟಿನಲ್ಲಿ ಯಾವುದೂ ನಿಲ್ಲಲಿಲ್ಲ. ನಾನು ರೊಟ್ಟಿ ತಟ್ಟಿ, ಮೊದಲನೆಯದನ್ನು ಎತ್ತಿಕೊಂಡು ಬೂಟು ಹಾಕಿದೆ.

"ಯಾವ ಮುಖ ಇಟ್ಕೊಂಡು ಮತ್ತ ಕೊಡ್ಲಿಕ್ಕೆ ಹೊಂಟಿ?"

"ಇದೇ ಮುಖ ರೀ, ವೈನಿ."

ಈ ಸಲ ಗೇಟಿನಲ್ಲಿ ನಿಂತು ಕೊಡದೆ, ಅದನ್ನು ದಾಟಿ, ಬಯಲಿನ ಆಚೆ ತುದಿಗೆ, ಅವು ಮೇಯುತ್ತಿದ್ದಲ್ಲಿಗೇ ನಡೆದೆ.