ಸಿಗದ್ದನ್ನು ಕಾರ್ಡಿನ ಹಿಂದೆ ಬರೆ

ಅವರ ಬಲಗೈಯ ತೋರುಬೆರಳಿಗೆ ಸದಾ ಒಂದು ರಬ್ಬರ್ ಟೊಪ್ಪಿಗೆ. ಹಾಳೆ ಮಗುಚುವವರು ಹಾಕಿಕೊಳ್ಳುವಂಥದ್ದು, ಮೈತುಂಬ ಸಣ್ಣ ಸಣ್ಣ ಗುಳ್ಳೆಗಳಿದ್ದ, ಮಾಸಿದ ಗುಲಾಬಿ ಬಣ್ಣದ್ದು. ಓದುವುದೆಲ್ಲ ಕಂಪ್ಯೂಟರಿನೊಳಗೆ ಹೋದ ಮೇಲೂ ಅವರು ಅದನ್ನು ತೆಗೆಯಲಿಲ್ಲ. ಉಳಿದ ಬೆರಳುಗಳು ಕೀಬೋರ್ಡಿನ ಮೇಲೆ ಟಕಟಕ ಅಂದರೆ ಅದೊಂದು ಮಾತ್ರ ಸದ್ದಿಲ್ಲದೆ ಬೀಳುತ್ತಿತ್ತು. ಗುಲಾಬಿ ಎಂದೆ. ಕಿತ್ತಳೆಯೂ ಇದ್ದೀತು. ಬಣ್ಣ ಹಚ್ಚುವುದರಲ್ಲಿ ನನ್ನ ನೆನಪಿನದು ಧಾರಾಳ ಕೈ. ಬಣ್ಣವನ್ನು ನಂಬಬೇಡಿ, ಬೆರಳನ್ನು ನಂಬಿ.

ಚೆನ್ನೈನ ಒಂದು ಕಾಲೇಜಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದಾಗ ಅವರು ಅಲ್ಲಿ ಲೈಬ್ರರಿಯನ್. ನಾವೆಲ್ಲ ಲೈಬ್ರರಿ ಮೇಡಂ ಅನ್ನುತ್ತಿದ್ದೆವು. ಮನೆಮಾತು ಕನ್ನಡ, ಆದರೆ ಮೂರು ತಲೆಮಾರಿನಿಂದ ಪೆರಂಬೂರಿನವರು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಯಿತು ಎಂದು ಅವರಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಉಡುಪಿ ಕಡೆಯಿಂದ ಬಂದು ಕೀಲ್ಪಾಕಿನ ಒಂದು ಸಸ್ಯಾಹಾರಿ ಹೊಟೇಲಿನಲ್ಲಿ ಹಿಟ್ಟಿನ ಉಸ್ತುವಾರಿ ನೋಡುತ್ತಿದ್ದವರು. ನನ್ನ ಸಂಶೋಧನೆಯೂ ಅದೇ ಹಿಟ್ಟು: ಹೊಟೇಲಿನ ಇಡ್ಲಿ ಹಿಟ್ಟು ಈ ಊರಿನ ಸೆಕೆಗೆ ಇಷ್ಟು ಬೇಗ ಹುಳಿಯೇರುವುದು ಯಾಕೆ, ತಡೆಯುವುದು ಹೇಗೆ.

ಮೊದಲ ದಿನ ನಾನು ನೆಟ್ಟಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

"ಏನ್ ಮಾ, ಅಷ್ಟು ಅವಸರ? ಮೊದಲು ಕೈಲಿ ಬರಿ," ಎಂದು ಒಂದು ಕಾರ್ಡು ಕೊಟ್ಟರು.

ಹಳೆಯ ಪುಸ್ತಕಪಟ್ಟಿಯ ಕಾರ್ಡುಗಳವು, ಕೆಳಗೊಂದು ತೂತು. ಕಪಾಟುಗಟ್ಟಲೆ ಬರಿದೆ ಉಳಿದಿದ್ದವು. ಮುಂಬದಿಯಲ್ಲಿ ಏನು ಹುಡುಕುತ್ತೇವೆ, ಯಾವ ಪದಗಳಲ್ಲಿ, ಯಾವ ಡೇಟಾಬೇಸಿನಲ್ಲಿ, ಎಷ್ಟು ಸಿಕ್ಕಿತು ಎಂದು ಬರೆಯಬೇಕು. ಹಿಂಬದಿಯಲ್ಲಿ ಹುಡುಕಿಯೂ ಸಿಗದ್ದು. ಸಂಜೆ ಅವರು ನೋಡಿ ಹಸಿರು ಇಂಕಿನಲ್ಲಿ ಸಣ್ಣ ಸಹಿ ಹಾಕುವರು. ಹಸಿರು ಬೀಳದೆ ಹುಡುಕಿದ್ದು ಮುಗಿಯಿತು ಅನ್ನುವಂತಿರಲಿಲ್ಲ.

"ಇಡ್ಲಿ ಹಿಟ್ಟು ಅಂತ ಬರೆದಿದ್ದೀಯ. ಇದು ನಿಮ್ಮಪ್ಪನ ಮಾತು," ಎಂದರು ನನ್ನ ಕಾರ್ಡು ನೋಡಿ. "ಪೇಪರ್ ಬರೆದೋನು ಇದನ್ನ ಏನಂತ ಕರೆದಿರ್ತಾನೆ? ಆ ಹೆಸರಲ್ಲಿ ಕೂಗಿದ್ರೆ ತಾನೆ ಅವನು ತಿರುಗಿ ನೋಡೋದು."

ಧಾನ್ಯ, ದ್ವಿದಳ, ಹುದುಗುವಿಕೆ ಎಂದೆಲ್ಲ ಬರೆದೆ. ಸಾವಿರಗಟ್ಟಲೆ ಬಂದವು. ಅವರು ನಕ್ಕರು. "ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಬರೀ ಈರುಳ್ಳಿ ಅಂದ್ರೆ ಲಾರಿ ಲಾರಿ ತೋರಿಸ್ತಾರೆ ಕಣ್ಣಾ. ಸಾಂಬಾರ್ ಈರುಳ್ಳಿ ಅನ್ಬೇಕು. ಎರಡು ಪದಾನೂ ಸೇರಿಸಿ ಕಟ್ಟು." ಕಟ್ಟುವುದೆಂದರೆ ಪದಗಳ ಆಚೀಚೆ ಉದ್ಧರಣ ಚಿಹ್ನೆ ಹಾಕುವುದು. ಒಳ್ಳೆಯ ಲೇಖನವೊಂದು ಸಿಕ್ಕರೆ ಅಲ್ಲಿಗೇ ನಿಲ್ಲಲು ಬಿಡುತ್ತಿರಲಿಲ್ಲ. "ಅದರ ಪಾಟ್ಟಿ ಯಾರು, ಪೇತ್ತಿ ಯಾರು ಕೇಳು." ಪಾಟ್ಟಿ ಅಜ್ಜಿ, ಪೇತ್ತಿ ಮೊಮ್ಮಗಳು. ಆ ಲೇಖನ ತನ್ನ ಕೊನೆಯ ಪಟ್ಟಿಯಲ್ಲಿ ಯಾರನ್ನು ನೆನೆದಿದೆ, ಆಮೇಲೆ ಬಂದವರಲ್ಲಿ ಯಾರು ಅದನ್ನು ನೆನೆದಿದ್ದಾರೆ ಎಂದು ಎರಡೂ ಕಡೆ ನಡೆಯಬೇಕು.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದಕ್ಕೇ. ಪರದೆಯ ಎಡಕ್ಕೆ ಒಂದು ಪುಟ್ಟ ಚೌಕ: ಪೂರ್ತಿ ಓದಲು ಸಿಗುವವು ಮಾತ್ರ. ಅದಕ್ಕೆ ಟಿಕ್ ಹಾಕಿದರೆ ಕಾಲೇಜು ಚಂದಾ ಕಟ್ಟಿ ತರಿಸುವ ಪತ್ರಿಕೆಗಳಷ್ಟೇ ಕಾಣುತ್ತವೆ, ಉಳಿದವು ಮರೆಯಾಗುತ್ತವೆ. ಸೋಮಾರಿಗಳಿಗೆ ಬಹಳ ಅನುಕೂಲ. ನಾನೂ ಹಾಕುತ್ತಿದ್ದೆ. "ನಮ್ಮ ಕಾಲೇಜು ತರಿಸದ್ದು ಲೋಕದಲ್ಲೇ ಇಲ್ಲ ಅಂತಾನಾ? ತೆಗಿ ಮಾ ಅದನ್ನ."

ಇನ್ನು ಆ ಶನಿವಾರ. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿ ಹೇಳಿ ನುಣುಪಾಗಿದೆ.

ನನ್ನ ಸಂಶೋಧನಾ ಪ್ರಸ್ತಾವವನ್ನು ಸಮಿತಿ ಎರಡು ಸಲ ಹಿಂದಕ್ಕೆ ಕಳಿಸಿತ್ತು. ಮೂರನೆಯದೂ ಬಿದ್ದರೆ ನೋಂದಣಿ ರದ್ದು. ಸೋಮವಾರ ಸಭೆ. ಅಪ್ಪ ಹೊಟೇಲಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ದಿನಾ ಬೆಳಿಗ್ಗೆ ನನ್ನ ಪರೀಕ್ಷೆಗೆಂದು ಸ್ಟೀಲ್ ತೂಕಿನಲ್ಲಿ, ಅಂದರೆ ಹಿಡಿಯಿರುವ ಡಬ್ಬಿಯಲ್ಲಿ, ಹಿಟ್ಟು ಕಳಿಸುವಾಗ ಅದರ ಮೇಲೆ ಕುಂಕುಮ ಇಡಲು ಶುರುಮಾಡಿದ್ದರು. ಪ್ರಸ್ತಾವದ ಮೊದಲ ವಾಕ್ಯ ನನಗೆ ಬಾಯಿಪಾಠ: ಹೊಟೇಲ್ ಅಡುಗೆಮನೆಗಳ ಇಡ್ಲಿ ಹಿಟ್ಟಿನ ಬಗ್ಗೆ ಈವರೆಗೆ ಯಾವ ಅಧ್ಯಯನವೂ ನಡೆದಿಲ್ಲ. ಎಂಥ ಚಂದದ ವಾಕ್ಯ.

ಕೊನೆಯ ಸಲ ನೋಡೋಣವೆಂದು ಲೈಬ್ರರಿಗೆ ಹೋಗಿ ಹುಡುಕಿದೆ. ಆರು ಲೇಖನ ಬಂದವು, ಯಾವುದೂ ಹೊಟೇಲಿನದ್ದಲ್ಲ. ಸಮಾಧಾನವಾಯಿತು. ಆಗ ನನ್ನ ಭುಜದ ಹಿಂದಿನಿಂದ ಆ ರಬ್ಬರ್ ಬೆರಳು ಬಂದು, ಪರದೆಯ ಎಡಕ್ಕಿದ್ದ ಚೌಕದ ಮೇಲೆ ಸದ್ದಿಲ್ಲದೆ ನಿಂತಿತು. ಟಿಕ್ ಇತ್ತು. ತೆಗೆದೆ. ಆರು ಇದ್ದದ್ದು ನಲವತ್ತೊಂದಾಯಿತು. ಅದರಲ್ಲೊಂದು ಹೊಟೇಲಿನ ಹಿಟ್ಟಿನ ಮೇಲೆಯೇ, ನಾನು ಶಾಲೆಗೆ ಹೋಗುತ್ತಿದ್ದ ಕಾಲದ್ದು.

ಚಂದದ ವಾಕ್ಯ ಸತ್ತಿತು. ಲೇಖಕರಿಗೆ ಇಮೇಲ್ ಬರೆದೆ, ಭಾನುವಾರವೇ ಅವರು ಪ್ರತಿ ಕಳಿಸಿದರು. ಓದಿದರೆ, ಅವರು ನೋಡಿದ್ದು ಚಳಿಗಾಲದ ಹಿಟ್ಟು. ಅದೂ ಪ್ರತಿದಿನ ಹೊಸದಾಗಿ ಹುದುಗಿಸಿದ್ದು. ಅಪ್ಪನ ಹೊಟೇಲಿನಲ್ಲಿ ಹೊಸ ಹಿಟ್ಟಿಗೆ ನಿನ್ನೆಯದೊಂದು ಸೌಟು ಬೆರೆಸುತ್ತಾರೆ. ಆ ಸೌಟನ್ನು ಅವರು ಮುಟ್ಟಿರಲಿಲ್ಲ. ಬೇಸಿಗೆಯಲ್ಲಿ ಆ ಸೌಟು ಏನು ಮಾಡುತ್ತದೆ? ನನ್ನ ಪ್ರಶ್ನೆ ಅಲ್ಲಿ ಕೂತಿತ್ತು. ಪ್ರಸ್ತಾವವನ್ನು ಹೊಸದಾಗಿ ಬರೆದೆ. ಸೋಮವಾರ ಸಮಿತಿಯ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ಆ ಹಳೆಯ ಲೇಖನವನ್ನು ನೋಡಿದ್ದೀಯಾ ಎಂದು. ನೋಡಿದ್ದೆ. ಪ್ರಸ್ತಾವ ಪಾಸಾಯಿತು.

ಈಗ ನಾನೇ ಪಾಠ ಹೇಳುತ್ತೇನೆ. ಕಳೆದ ತಿಂಗಳು ಹಳೆಯ ಡಬ್ಬಿಯಲ್ಲಿ ಆ ಕಾರ್ಡುಗಳು ಸಿಕ್ಕವು. ಶನಿವಾರದ್ದೂ ಇತ್ತು. ನನ್ನ ಅಕ್ಷರ: ಟಿಕ್ ತೆಗೆದೆ, ಆರು, ನಲವತ್ತೊಂದು. ಆದರೆ ಹಸಿರು ಸಹಿ ಇಲ್ಲ. ಹಿಂದಿನ ದಿನದ ಕಾರ್ಡಿನಲ್ಲೂ ಇಲ್ಲ, ಮುಂದಿನ ವಾರದ್ದರಲ್ಲೂ ಇಲ್ಲ. ನಲವತ್ತಕ್ಕೂ ಹೆಚ್ಚು ಕಾರ್ಡುಗಳಲ್ಲಿ ಸಹಿಯಿಲ್ಲದವು ಆ ಕೆಲವು ಮಾತ್ರ.

ಪೆರಂಬೂರಿಗೆ ಹೋದೆ. ಮೇಡಂ ನಿವೃತ್ತರಾಗಿ ವರ್ಷಗಳಾಗಿವೆ. ಕುರ್ಚಿಯಲ್ಲಿ ಕೂತು ಮೊಮ್ಮಗಳ ನೋಟ್‌ಪುಸ್ತಕ ತಿದ್ದುತ್ತಿದ್ದರು, ಬೆರಳು ಬರಿದು. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ತಾರೀಖು ನೋಡಿದರು.

"ಆ ವಾರ ನನಗೆ ಕಣ್ಣಿನ ಆಪರೇಷನ್ ಅಲ್ವಾ. ಪಟ್ಟಿ ಕಟ್ಟಿಕೊಂಡು ಇದೇ ಮನೇಲಿ ಬಿದ್ದಿದ್ದೆ."

"ನಿಮ್ಮ ಬೆರಳು ಬಂತು ಮೇಡಂ. ನಾನು ನೋಡಿದೀನಿ."

"ಬೇರೆ ಯಾವತ್ತೋ ನೋಡಿರ್ತೀಯ. ತಂದು ಇಲ್ಲಿ ಅಂಟಿಸಿದ್ದೀಯ," ಎಂದರು, ಲೇಖನದ ತಪ್ಪು ಹೇಳುವಷ್ಟೇ ತಣ್ಣಗೆ. "ಟಿಕ್ ತೆಗೆದಿದ್ದು ನೀನೇ ಮಾ."

ಹೆಮ್ಮೆಯಾಗಬೇಕಿತ್ತು. ನನಗೆ ಭುಜದ ಹಿಂದೆ ಖಾಲಿಯೆನಿಸಿತು. ಈಗಲಾದರೂ ಸಹಿ ಹಾಕಿಕೊಡಿ ಎಂದೆ.

"ನಾನಿಲ್ಲದ ದಿನಕ್ಕೆ ನಾನು ಹೆಂಗೆ ಹಾಕ್ಲಿ? ನೀನೇ ಹಾಕ್ಕೋ." ಪೆನ್ನು ಕೊಟ್ಟರು. ಈಗಲೂ ಹಸಿರೇ. ಅವರ ಜಾಗದಲ್ಲಿ ನನ್ನ ಸಹಿ ಹಾಕಿದೆ. ಅವರು ಕಾರ್ಡನ್ನು ತಿರುಗಿಸಿ ನೋಡಿದರು. "ಹಿಂದೆ ಖಾಲಿ. ಸಿಗದ್ದು ಎಲ್ಲಿ?"

ನಾನು ಬರೆದೆ: ಹಿಂದಕ್ಕೆ ತಿರುಗಿ ನೋಡಿದೆ. ಮೇಡಂ ಇರಲಿಲ್ಲ.

ಅವರು ಅದನ್ನು ಎರಡು ಸಲ ಓದಿದರು. "ಇದು ಸರಿಯಾಗಿದೆ," ಎಂದು ಪೆನ್ನು ತೆಗೆದುಕೊಂಡು, ಅದರ ಕೆಳಗೆ ತಮ್ಮ ಸಹಿ ಹಾಕಿದರು.